ಫಾರ್ಮ್ಯಾಟ್‌ಗೆ ಕೊಡುವ ದುಡ್ಡನ್ನು ಪರೀಕ್ಷೆಗೆ ಕೊಡಿ

ನಮ್ಮ ಕಡೆ ಮನೆ ಕಂಪ್ಯೂಟರ್ ಕೆಟ್ಟರೆ ಸಿಗುವ ಔಷಧಿ ಎರಡೇ. ಮೊದಲನೆಯದು, ‘ಫಾರ್ಮ್ಯಾಟ್ ಹೊಡೀಬೇಕು.’ ಅದು ಎರಡು ಮೂರು ಸಲ ಆದಮೇಲೂ ಸರಿಹೋಗದಿದ್ದರೆ ಎರಡನೆಯದು, ‘ಬೋರ್ಡ್ ಹೋಗೈತೆ ಅಣ್ಣ, ಹೊಸಾದು ತಗೊಂಬುಡಿ.’ ಕೋಲಾರವಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರವಾಗಲಿ, ಹೆಚ್ಚುಕಮ್ಮಿ ಇದೇ ಮಾತು. ಇವೆರಡರ ನಡುವೆ ಆಗಬೇಕಾದ ಕೆಲಸವೊಂದಿದೆ. ಕೆಟ್ಟಿರುವುದು ಯಾವುದು ಅಂತ ಪರೀಕ್ಷೆ ಮಾಡಿ ನೋಡುವುದು. ಅದನ್ನು ಅಂಗಡಿಯವರು ಮಾಡುವುದು ಕಡಿಮೆ, ಮಾಡಿ ಅಂತ ಗಿರಾಕಿ ಕೇಳುವುದು ಇನ್ನೂ ಕಡಿಮೆ.

ಮೊಬೈಲ್‌ನಲ್ಲಿ ಇದನ್ನು ಓದುತ್ತಿರುವ ನಿಮಗೆ ಹಳೇ ಕಂಪ್ಯೂಟರ್ ಗೊಡವೆ ಯಾಕೆ ಅನ್ನಿಸಬಹುದು. ಮೊಬೈಲ್ ತುಂಬಿದಾಗ ಫೋಟೋಗಳನ್ನು ಎಲ್ಲಿಗೆ ಹಾಕುತ್ತೀರಿ? ಹುಡುಗರು ಪಿಯುಸಿ, ಡಿಪ್ಲೊಮಾ ಓದುವಾಗ ಹತ್ತು ಹನ್ನೆರಡು ವರ್ಷದ ಹಿಂದೆ ತಂದ ಡಬ್ಬ ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿದೆ. ನಮ್ಮಲ್ಲಿ ಆ ಡಬ್ಬಕ್ಕೆ ಸಿಪಿಯು ಅಂತಲೇ ಹೆಸರು. ಮದುವೆ ಫೋಟೋ, ಹಾಲಿನ ಡೇರಿ ಲೆಕ್ಕ, ಸ್ತ್ರೀಶಕ್ತಿ ಸಂಘದ ಪುಸ್ತಕ, ಪಹಣಿಯ ಸ್ಕ್ಯಾನ್, ನುಡಿಯಲ್ಲಿ ಟೈಪ್ ಮಾಡಿದ ಅರ್ಜಿಗಳು, ಎಲ್ಲ ಅದರಲ್ಲೇ ಇವೆ. ಎರಡನೇ ಪ್ರತಿ ಇರುವ ಮನೆ ಕಡಿಮೆ.

ಪೂರ್ತಿ ಕೆಟ್ಟು ನಿಂತ ಕಂಪ್ಯೂಟರ್‌ಗೆ ಹೆದರಬೇಕಿಲ್ಲ. ಅದು ಇನ್ನೇನೂ ಹಾಳು ಮಾಡುವುದಿಲ್ಲ. ಅರ್ಧ ಕೆಟ್ಟು ಓಡುತ್ತಿರುವ ಕಂಪ್ಯೂಟರ್‌ಗೆ ಹೆದರಬೇಕು. ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ತಾನಾಗಿ ಆಫ್ ಆಗುತ್ತದೆ. ಒಂದು ದಿನ ನೀಲಿ ಪರದೆ, ಇನ್ನೊಂದು ದಿನ ಏನೂ ಇಲ್ಲ. ಇಂಥದ್ದಕ್ಕೆ ಮನೆಯವರು ‘ವೈರಸ್ ಬಂದೈತೆ’ ಅಂದುಕೊಂಡು ಓಡಿಸುತ್ತಲೇ ಇರುತ್ತಾರೆ. ಒಳಗೆ ಏನಾಗುತ್ತಿದೆ ಅಂತ ಗೊತ್ತಾದರೆ ಹಾಗೆ ಓಡಿಸುವುದಿಲ್ಲ.

ಕಂಪ್ಯೂಟರ್‌ನಲ್ಲಿ ಹಾರ್ಡ್ ಡಿಸ್ಕ್ ಕಣಜವಿದ್ದ ಹಾಗೆ, ರ‍್ಯಾಮ್ ಕಣವಿದ್ದ ಹಾಗೆ. ರಾಗಿ ಎಲ್ಲಿಂದಲೇ ಬರಲಿ, ಕಣಕ್ಕೆ ಬಿದ್ದೇ ಕಣಜ ಸೇರಬೇಕು. ಮೊಬೈಲ್‌ನಿಂದ ಫೋಟೋ ಕಾಪಿ ಮಾಡಿದರೂ, ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದರೂ, ಅದು ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ. ಕಣದಲ್ಲಿ ಕಲ್ಲು ಬೆರೆತರೆ ಕಣಜಕ್ಕೂ ಕಲ್ಲೇ ಹೋಗುತ್ತದೆ. ರ‍್ಯಾಮ್ ತಪ್ಪು ಮಾಡುತ್ತಿರುವಾಗ ತೆಗೆದ ಬ್ಯಾಕಪ್‌ಗೂ ಇದೇ ಗತಿ. ಹಳೇ ಒಳ್ಳೇ ಪ್ರತಿಯ ಮೇಲೆ ಕೆಟ್ಟ ಪ್ರತಿ ಹೋಗಿ ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಕಂಪ್ಯೂಟರ್ ವಿಚಿತ್ರವಾಗಿ ಆಡಲು ಶುರುವಾದ ದಿನದಿಂದ ಹಳೇ ಬ್ಯಾಕಪ್ ಮೇಲೆ ಹೊಸದನ್ನು ಬರೆಯಬೇಡಿ ಅಂತ ನಾವು ಹೇಳುವುದು ಇದಕ್ಕೇ.

ಒಂದು ಉದಾಹರಣೆ ನೋಡಿ. ಬರಿಯ ಅಕ್ಷರಗಳ ಫೈಲಿನಲ್ಲಿ ಒಂದೊಂದು ಅಂಕಿಯೂ ಎಂಟು ಬಿಟ್‌ಗಳಾಗಿ ಕೂತಿರುತ್ತದೆ. ಬಿಟ್ ಅಂದರೆ ಸೊನ್ನೆ ಇಲ್ಲವೇ ಒಂದು. ‘1’ ಮತ್ತು ‘9’ ಎಂಬ ಅಂಕಿಗಳಿಗೆ ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಆ ಒಂದು ಬಿಟ್ ಉಲ್ಟಾ ಆದರೆ ಸಂಘದ ಲೆಕ್ಕದಲ್ಲಿ 1,200 ರೂಪಾಯಿ ಇದ್ದದ್ದು 9,200 ಆಗಿ ಕೂರುತ್ತದೆ. 4 ಜಿಬಿ ರ‍್ಯಾಮ್‌ನಲ್ಲಿ ಇಂಥ ಬಿಟ್‌ಗಳು ಸುಮಾರು 3,436 ಕೋಟಿ ಇವೆ. ಒಂದು ಫೋಟೋದಲ್ಲಿ ಹೀಗಾದರೆ ಕೆಳಗಿನ ಅರ್ಧ ಬೂದಿ ಬಣ್ಣವಾಗಬಹುದು, ಆಗ ಕಣ್ಣಿಗಾದರೂ ಕಾಣುತ್ತದೆ. ಲೆಕ್ಕದಲ್ಲಿ ಆದರೆ ಸಂಘದಲ್ಲಿ ಜಗಳವಾಗುತ್ತದೆ.

ಇದು ಬರೀ ಊಹೆ ಅಂದುಕೊಳ್ಳಬೇಡಿ. 2003ರಲ್ಲಿ ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ ಚುನಾವಣೆ ನಡೆದಾಗ ಒಬ್ಬ ಅಭ್ಯರ್ಥಿಗೆ ಲೆಕ್ಕದ ಪ್ರಕಾರ ಸಾಧ್ಯವೇ ಇಲ್ಲದಷ್ಟು ಮತ ಬಂದಿತ್ತು. ಮತ್ತೆ ಎಣಿಸಿದರೆ ಹೆಚ್ಚಾಗಿದ್ದದ್ದು ಸರಿಯಾಗಿ 4,096. ಎರಡನ್ನು ಹನ್ನೆರಡು ಸಲ ಗುಣಿಸಿಕೊಂಡು ಹೋದರೆ ಬರುವ ಸಂಖ್ಯೆ ಅದು. ಪ್ರೋಗ್ರಾಂನಲ್ಲಿ ತಪ್ಪು ಸಿಗಲಿಲ್ಲ. ಮೆಮೊರಿಯಲ್ಲಿ ಒಂದು ಬಿಟ್ ತಾನಾಗಿ ತಿರುಗಿರಬೇಕು ಅನ್ನುವುದೇ ಕೊನೆಗೆ ಉಳಿದ ವಿವರಣೆ.

ತಾನಾಗಿ ಹೇಗೆ ತಿರುಗುತ್ತದೆ? ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳಿಂದಲೂ ಹೀಗಾಗುವುದುಂಟು. ಆ ಕಿರಣಗಳ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಹೆಸರಿದೆ. ನೆಲದ ಮೇಲೆ ಆ ಕಿರಣಗಳ ಗದ್ದಲ ಹೆಚ್ಚು ಅಂತಲೇ ವಿಜ್ಞಾನಿಗಳು ಕೆಜಿಎಫ್ ಗಣಿಯೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಯಂತ್ರ ಇಟ್ಟರು. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿದ್ದು ಅಲ್ಲಿ. ಹಾಗಂತ ಮನೆ ಕಂಪ್ಯೂಟರ್ ಕೆಟ್ಟಿದ್ದಕ್ಕೆ ಆಕಾಶವನ್ನು ದೂರಬೇಡಿ. ಗೂಗಲ್‌ನ ಸಾವಿರಾರು ಸರ್ವರ್‌ಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದೂ ಅದನ್ನೇ: ಮೆಮೊರಿ ತಪ್ಪುಗಳಲ್ಲಿ ಹೆಚ್ಚಿನವು ಬಿಡಿಭಾಗದ ದೋಷದಿಂದಲೇ ಬರುತ್ತವೆ. ಆಕಾಶದಿಂದ ಬಂದ ತಪ್ಪು ಒಂದು ಸಲ ಬಂದು ಹೋಗುತ್ತದೆ. ವಾರಕ್ಕೆ ಮೂರು ಸಲ ಬರುವ ತಪ್ಪಿನ ಕಾರಣ ಡಬ್ಬದ ಒಳಗಿದೆ, ಇಲ್ಲವೇ ಗೋಡೆಯ ಪ್ಲಗ್‌ನಲ್ಲಿದೆ.

ನಮ್ಮ ಮನೆಯ ಡಬ್ಬದ ವಿಚಾರ ಹೇಳುತ್ತೇವೆ. 2012ರಲ್ಲಿ ತಂದದ್ದು, ಎರಡು ಜಿಬಿಯ ಎರಡು ರ‍್ಯಾಮ್. ಸುದ್ದಿ ಬರೆಯುವುದು, ಫೋಟೋ ಕಳಿಸುವುದು ಎಲ್ಲ ಅದರಲ್ಲೇ. ಕಳೆದ ಬೇಸಿಗೆಯಲ್ಲಿ ಕಾಟ ಶುರುವಾಯಿತು. ನೀಲಿ ಪರದೆ ಬಂದಾಗಲೆಲ್ಲ ಬೇರೆ ಬೇರೆ ಹೆಸರಿನ ತಪ್ಪು. ಜಿಪ್ ಫೈಲ್ ಬಿಚ್ಚುವುದಿಲ್ಲ, ಅದೇ ಫೈಲ್ ಮೊಬೈಲ್‌ನಲ್ಲಿ ಬಿಚ್ಚುತ್ತದೆ. ಹೊಸದಾಗಿ ಹಾಕಿದ ಫೋಟೋಗಳಲ್ಲಿ ಕೆಲವು ಅರ್ಧಕ್ಕೆ ಕತ್ತರಿಸಿದ ಹಾಗೆ. ಒಂದು ಅಂಗಡಿಗೆ ತೋರಿಸಿದೆವು. ಐದು ನಿಮಿಷ ನೋಡಿ ಫಾರ್ಮ್ಯಾಟ್ ಅಂದರು. ಏನು ಕೆಟ್ಟಿದೆ ಅಂತ ಹೇಳಿ, ಆಮೇಲೆ ಫಾರ್ಮ್ಯಾಟ್ ಮಾಡಿ ಅಂದೆವು. ‘ಅದೆಲ್ಲ ನೋಡ್ತಾ ಕೂತ್ರೆ ಆಗಲ್ಲ ಸಾರ್’ ಅಂದರು. ಡಬ್ಬ ವಾಪಸ್ ತಂದೆವು.

ಯಾಕೆಂದರೆ ಅದರಲ್ಲಿ ಶಾಶ್ವತ ನೀರಾವರಿ ಹೋರಾಟದ ದಿನಗಳ ಫೋಟೋಗಳಿದ್ದವು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದದ್ದು, 2021ರ ನವೆಂಬರ್ ಮಳೆಗೆ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದದ್ದು, ಎಲ್ಲವೂ ಇದ್ದವು. ಪತ್ರಿಕೆಯಲ್ಲಿ ಒಂದು ಫೋಟೋ ಅಚ್ಚಾದರೆ ಉಳಿದ ನಲವತ್ತು ಸ್ಟ್ರಿಂಜರ್ ಮನೆಯಲ್ಲೇ ಉಳಿಯುತ್ತವೆ. ಆ ನಲವತ್ತರಲ್ಲಿ ಯಾರದೋ ಅಜ್ಜಿ ಕೆರೆಗೆ ಬಾಗಿನ ಬಿಡುತ್ತಿರುತ್ತಾರೆ, ಯಾವುದೋ ಊರಿನ ತೂಬು ಇರುತ್ತದೆ. ಅಚ್ಚಾಗದ ಆ ಫೋಟೋಗಳಿಗೆ ಬೇರೆ ಪ್ರತಿ ಇಲ್ಲ.

ಮೊದಲು ಮಾಡಿದ ಕೆಲಸ, ಕಂಪ್ಯೂಟರ್ ಆನ್ ಮಾಡುವುದನ್ನೇ ನಿಲ್ಲಿಸಿದ್ದು. ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸ್‌ಗೆ ಹಾಕಿ, ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ಎಲ್ಲವನ್ನೂ ಕಾಪಿ ಮಾಡಿಕೊಂಡೆವು. ಅರ್ಧವಾಗಿದ್ದ ಹೊಸ ಫೋಟೋಗಳು ಕ್ಯಾಮೆರಾ ಕಾರ್ಡ್‌ನಲ್ಲಿ ಇನ್ನೂ ಇದ್ದವು. ಹಳೆಯವು ಡಿಸ್ಕ್‌ನಲ್ಲಿ ಹಾಗೇ ಚೆನ್ನಾಗಿದ್ದವು. ಇಷ್ಟಾದ ಮೇಲೆ ಭಯವಿಲ್ಲದೆ ಪರೀಕ್ಷೆಗೆ ಕೂತೆವು.

ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಒಂದಿದೆ. ಅದಕ್ಕಿಂತ ಕಟ್ಟುನಿಟ್ಟಿನದು ಮೆಮ್‌ಟೆಸ್ಟ್86 ಪ್ಲಸ್. ಉಚಿತ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಕಂಪ್ಯೂಟರ್ ಶುರು ಮಾಡಬೇಕು, ಹಾರ್ಡ್ ಡಿಸ್ಕ್ ಇಲ್ಲದೆಯೂ ಓಡುತ್ತದೆ. ರ‍್ಯಾಮ್‌ನ ಮೂಲೆ ಮೂಲೆಗೂ ಏನೋ ಬರೆದು, ಬರೆದದ್ದೇ ವಾಪಸ್ ಬರುತ್ತದಾ ಅಂತ ಗಂಟೆಗಟ್ಟಲೆ ನೋಡುತ್ತದೆ. ತಪ್ಪು ಸೊನ್ನೆ ಇರಬೇಕು. ಒಂದೇ ಒಂದು ಬಂದರೂ ಫೇಲ್. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ, ಅದೊಂದು ನಮ್ಮ ಕಡೆಯ ಕರ್ಮ.

ರಾತ್ರಿ ಓಡಿಸಿದೆವು, ಸೊನ್ನೆ ತಪ್ಪು. ಹೆಚ್ಚಿನವರು ಇಲ್ಲಿಗೆ ‘ರ‍್ಯಾಮ್ ಸರಿ ಇದೆ’ ಅಂತ ನಿಲ್ಲಿಸುತ್ತಾರೆ. ಕಾಟ ಬರುತ್ತಿದ್ದದ್ದು ಮಧ್ಯಾಹ್ನ, ಆದ್ದರಿಂದ ಪರೀಕ್ಷೆಯೂ ಮಧ್ಯಾಹ್ನವೇ ಆಗಬೇಕು. ರ‍್ಯಾಮ್‌ನ ಒಂದೊಂದು ಬಿಟ್ ತೂತು ಬಿಂದಿಗೆಯ ಹಾಗೆ, ಅದರಲ್ಲಿನ ವಿದ್ಯುತ್ ಸೋರುತ್ತಲೇ ಇರುತ್ತದೆ. ಸುಮಾರು 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಲ, ಮತ್ತೆ ತುಂಬಿಸುತ್ತಾ ಇರಬೇಕು. ಬಿಸಿ ಹೆಚ್ಚಾದಷ್ಟೂ ಸೋರುವುದು ಹೆಚ್ಚು. ಎರಡು ಗಂಟೆ ಬಿಸಿಲಲ್ಲಿ ಓಡಿಸಿದಾಗ ಪರದೆಯ ತುಂಬ ಕೆಂಪು ಸಾಲುಗಳು.

ಸರಿ, ರ‍್ಯಾಮ್ ಬದಲಿಸೋಣ ಅಂತ ಹೊರಡುವ ಮುಂಚೆ ಇನ್ನೊಂದು ಕೆಲಸವಿದೆ. ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದು, ಇನ್ನೊಂದನ್ನು ಮಾತ್ರ ಒಂದನೇ ಸ್ಲಾಟ್‌ನಲ್ಲಿ ಇಟ್ಟು ಓಡಿಸಿ. ಆಮೇಲೆ ಅದನ್ನೇ ಎರಡನೇ ಸ್ಲಾಟ್‌ನಲ್ಲಿ. ಆಮೇಲೆ ಇನ್ನೊಂದು ರ‍್ಯಾಮ್‌ಗೂ ಹೀಗೇ. ತಪ್ಪು ರ‍್ಯಾಮ್ ಜೊತೆ ಓಡಾಡಿದರೆ ರ‍್ಯಾಮ್ ಕೆಟ್ಟಿದೆ. ರ‍್ಯಾಮ್ ಯಾವುದೇ ಇರಲಿ, ಒಂದೇ ಸ್ಲಾಟ್‌ನಲ್ಲಿ ತಪ್ಪು ಬಂದರೆ ಸ್ಲಾಟ್ ಅಥವಾ ಬೋರ್ಡ್. ಎರಡೂ ರ‍್ಯಾಮ್‌ನಲ್ಲಿ, ಎರಡೂ ಸ್ಲಾಟ್‌ನಲ್ಲಿ ಬಂದರೆ? ಎರಡು ರ‍್ಯಾಮ್ ಒಂದೇ ವಾರದಲ್ಲಿ ಕೆಡುವುದು ಅಪರೂಪ. ಆಗ ಅವೆರಡಕ್ಕೂ ಊಟ ಹಾಕುವವರನ್ನು ಅನುಮಾನಿಸಬೇಕು. ಅದು ಎಸ್‌ಎಂಪಿಎಸ್, ಡಬ್ಬದ ಹಿಂದೆ ಪವರ್ ವೈರ್ ಚುಚ್ಚುವ ಪೆಟ್ಟಿಗೆ.

ನಮ್ಮದರಲ್ಲಿ ಆದದ್ದು ಇದೇ. ಮಲ್ಟಿಮೀಟರ್ ಇಟ್ಟು ನೋಡಿದರೆ 12 ವೋಲ್ಟ್ ಸಾಲು ಸರಿಯಾಗಿಯೇ ಇತ್ತು. 11.4ರಿಂದ 12.6ರ ಒಳಗಿದ್ದರೆ ಸರಿ, 5 ವೋಲ್ಟ್ ಸಾಲು 4.75ರಿಂದ 5.25ರ ಒಳಗಿರಬೇಕು. ಆದರೆ ಒಳಗಿನ ಕೆಪಾಸಿಟರ್ ಉಬ್ಬಿದಾಗ ವೋಲ್ಟೇಜ್‌ನಲ್ಲಿ ಎದ್ದು ಬೀಳುವ ಸಣ್ಣ ಅಲೆ ಸಾಮಾನ್ಯ ಮೀಟರ್‌ಗೆ ಕಾಣುವುದಿಲ್ಲ. ಪೆಟ್ಟಿಗೆಯ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಸ್ಟುಡಿಯೋ ಇಟ್ಟುಕೊಂಡಿರುವ ಗೆಳೆಯರೊಬ್ಬರ ಎಸ್‌ಎಂಪಿಎಸ್ ಎರಡು ದಿನಕ್ಕೆ ಕಡ ತಂದು ಹಾಕಿದೆವು. ಎರಡು ಮಧ್ಯಾಹ್ನ ಪೂರ್ತಿ ಓಡಿಸಿದರೂ ಸೊನ್ನೆ. ರ‍್ಯಾಮ್ ಸರಿ, ಬೋರ್ಡ್ ಸರಿ, ವಿಂಡೋಸ್ ಸರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿನಷ್ಟು ಉಳಿದಿರಬಹುದು.

ಫಾರ್ಮ್ಯಾಟ್ ಮಾಡಿಸಿದ್ದರೆ? ಕೆಟ್ಟ ಕಣದ ಮೇಲೆಯೇ ಹೊಸ ವಿಂಡೋಸ್ ಸುರಿದಂತೆ ಆಗುತ್ತಿತ್ತು. ವಿಂಡೋಸ್‌ನ ಫೈಲ್‌ಗಳೂ ಅದೇ ರ‍್ಯಾಮ್ ದಾಟಿಯೇ ಡಿಸ್ಕ್‌ಗೆ ಇಳಿಯಬೇಕು. ಫೋಟೋ ಹೋಗುತ್ತಿತ್ತು, ಕಾಟ ಉಳಿಯುತ್ತಿತ್ತು.

ಎಸ್‌ಎಂಪಿಎಸ್ ಯಾಕೆ ಸಾಯುತ್ತದೆ ಅನ್ನುವುದಕ್ಕೆ ನಮ್ಮ ಊರುಗಳಲ್ಲಿ ಹುಡುಕಬೇಕಾಗಿಯೇ ಇಲ್ಲ. ಪಂಪ್‌ಸೆಟ್ ಮೋಟಾರ್ ಶುರುವಾಗುವ ಹೊತ್ತಿನಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ತ್ರೀ ಫೇಸ್ ಬಂತು ಅಂದರೆ ಒಂದೇ ಟಿಸಿಯಲ್ಲಿರುವ ಮೋಟಾರ್‌ಗಳೆಲ್ಲ ಒಟ್ಟಿಗೆ ಏಳುತ್ತವೆ, ಮನೆಯ ಬಲ್ಬ್ ಮಂಕಾಗುತ್ತದೆ. ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆದ ಹೊತ್ತನ್ನು ಹತ್ತು ದಿನ ಕ್ಯಾಲೆಂಡರ್ ಹಿಂದೆ ಬರೆದಿಡಿ. ಅದು ಮೋಟಾರ್ ಹೊತ್ತಿಗೆ ಸರಿ ಹೊಂದಿದರೆ ಅಂಗಡಿಗೆ ಹೋಗುವ ಮುಂಚೆಯೇ ಅರ್ಧ ಉತ್ತರ ಸಿಕ್ಕಿತು. ಯುಪಿಎಸ್ ಇದೆ ಅಂತ ಧೈರ್ಯವಾಗಿರಬೇಡಿ, ಅದರೊಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಮುಗಿದಿರುತ್ತದೆ.

ಇನ್ನು ಅರ್ಥಿಂಗ್. ಡಬ್ಬ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಎಷ್ಟೋ ಮನೆಗಳಲ್ಲಿ ನಗುತ್ತಾ ಹೇಳುತ್ತಾರೆ. ನಗುವ ವಿಷಯವಲ್ಲ. ಎಸ್‌ಎಂಪಿಎಸ್‌ನಿಂದ ಡಬ್ಬದ ಲೋಹಕ್ಕೆ ಸೋರುವ ಸ್ವಲ್ಪ ಕರೆಂಟ್ ಮೂರನೇ ಪಿನ್ ಮೂಲಕ ಭೂಮಿಗೆ ಹೋಗಬೇಕು. ಮೂರನೇ ಪಿನ್‌ಗೆ ವೈರೇ ಇಲ್ಲದಿದ್ದರೆ ಅದು ಡಬ್ಬದಲ್ಲೇ ಕೂತಿರುತ್ತದೆ. ವೈರ್ ಇದ್ದರೂ ನಮ್ಮ ಒಣ ಭೂಮಿಯಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಪೂರ್ತಿ ಒಣಗಿರುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ವಾರಕ್ಕೆರಡು ಬಿಂದಿಗೆ ನೀರು ಬಿಡಿ. 1902ರಲ್ಲೇ ಶಿವನಸಮುದ್ರದಿಂದ ತೊಂಬತ್ತು ಮೈಲಿ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ತಂದ ಜಿಲ್ಲೆ ಇದು. ಮನೆಗಳಿಗೆ ಅರ್ಥಿಂಗ್ ಮಾತ್ರ ಇನ್ನೂ ಬರಬೇಕಿದೆ.

ಧೂಳಿನ ಮಾತು ಮಾಲೂರು ಕಡೆಯವರಿಗೆ ಹೇಳಬೇಕಿಲ್ಲ. ಇಟ್ಟಿಗೆ, ಹೆಂಚಿನ ಕಾರ್ಖಾನೆ ಸುತ್ತ ಇರುವ ಮನೆಗಳಲ್ಲಿ ವರ್ಷಕ್ಕೆರಡು ಸಲವಾದರೂ ಡಬ್ಬದ ಬಾಗಿಲು ತೆಗೆದು ಬ್ಲೋವರ್ ಹಿಡಿಯಬೇಕು, ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ಳಬೇಕು. ಹಿಂದುಗಡೆ ತಗಡಿನ ಪಟ್ಟಿ ಬಿದ್ದುಹೋಗಿ ಕಿಂಡಿ ತೆರೆದಿದ್ದರೆ ಮುಚ್ಚಿ. ಇಲಿಗೆ ಅದಕ್ಕಿಂತ ಬೆಚ್ಚಗಿನ ಜಾಗ ಬೇರೆ ಸಿಗುವುದಿಲ್ಲ.

ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜುವುದು ನಮ್ಮ ಅಂಗಡಿಗಳ ಹಳೇ ವಿದ್ಯೆ. ಎಷ್ಟೋ ಸಲ ಕೆಲಸವೂ ಮಾಡುತ್ತದೆ, ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದರಿಂದಲೇ ಸರಿಯಾಗುವುದೂ ಉಂಟು. ಆದರೆ ಅಲ್ಲಿ ಹಳದಿಯಾಗಿ ಹೊಳೆಯುವುದು ತೆಳ್ಳನೆಯ ಚಿನ್ನದ ಲೇಪ. ಚಿನ್ನದ ಊರಿನವರು ಅದನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪ್ಲಗ್ ಕಿತ್ತು, ಡಬ್ಬದ ಲೋಹ ಒಮ್ಮೆ ಮುಟ್ಟಿ, ಆಮೇಲೆ ರ‍್ಯಾಮ್‌ಗೆ ಕೈ ಹಾಕಿ.

ನಿಜಕ್ಕೂ ದೋಷವೇ ಅಲ್ಲದ್ದಕ್ಕೂ ದುಡ್ಡು ಹೋಗುತ್ತದೆ. ‘4 ಜಿಬಿ ಹಾಕಿಸ್ದೆ, 3.25 ಅಷ್ಟೇ ತೋರಿಸ್ತಾ ಐತೆ, ಮೋಸ ಮಾಡವ್ರೆ’ ಅಂತ ಹೇಳಿದವರುಂಟು. ಮೋಸವಲ್ಲ, 32 ಬಿಟ್ ವಿಂಡೋಸ್‌ಗೆ ಅಷ್ಟೇ ಕಾಣುವುದು. ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ, ಬ್ಯಾಂಕಿನ ಪುಟ ತೆರೆಯದೆ ‘ಸುರಕ್ಷಿತವಲ್ಲ’ ಅನ್ನುತ್ತಿದ್ದರೆ, ಬೋರ್ಡ್ ಮೇಲಿನ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಬದಲಿಸಿ. ಹಾರ್ಡ್ ಡಿಸ್ಕ್ ಆಗಾಗ ಮಾಯವಾಗುತ್ತಿದ್ದರೆ ಡಿಸ್ಕ್‌ಗಿಂತ ಮುಂಚೆ ಅದರ ಸಾಟಾ ಕೇಬಲ್ ಬದಲಿಸಿ ನೋಡಿ. ಕಟ್ ಕಟ್ ಅಂತ ಶಬ್ದ ಬರುತ್ತಿದ್ದರೆ ಮಾತ್ರ ಡಿಸ್ಕ್‌ಗೇ ಕಾಲ ಬಂದಿದೆ, ತಕ್ಷಣ ನಿಲ್ಲಿಸಿ.

ಈಗ ಹೊಸ ಒತ್ತಡವೊಂದು ಸೇರಿಕೊಂಡಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹಳೇ ಡಬ್ಬಗಳಲ್ಲಿ ಅದಿಲ್ಲ. ಹಾಗಾಗಿ ಸಣ್ಣ ಕಾಟ ಬಂದರೂ ಗುಜರಿಗೆ ಹಾಕಿ ಅನ್ನುವ ಮಾತು ಹೆಚ್ಚಾಗಿದೆ. ಪರೀಕ್ಷೆಯಲ್ಲಿ ಪಾಸಾದ ಹಳೇ ಡಬ್ಬಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಂಡು ಇನ್ನೂ ಕೆಲವು ವರ್ಷ ಓಡಿಸಬಹುದು, ಕನ್ನಡವೂ ಬರುತ್ತದೆ. ನುಡಿಯ ಹಳೇ ಫೈಲ್‌ಗಳನ್ನು ಮಾತ್ರ ಮೊದಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ. ಗುಜರಿಗೇ ಹಾಕುವುದಾದರೂ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಹಾಕಿ. ಕೆ.ಜಿ. ಲೆಕ್ಕದಲ್ಲಿ ಹೋಗುವ ಆ ತಗಡಿನೊಳಗೆ ನಿಮ್ಮ ಆಧಾರ್, ಪಾಸ್‌ಬುಕ್ಕಿನ ನಕಲುಗಳಿವೆ.

ಅಂಗಡಿಯವರನ್ನೇ ಬೈದು ಮುಗಿಸುವುದು ಸುಲಭ. ಅವರ ಕಷ್ಟವನ್ನೂ ನೋಡಬೇಕು. ಮೂರು ಗಂಟೆ ಕೂತು, ‘ರ‍್ಯಾಮ್ ಸರಿ ಇದೆ, ಬೋರ್ಡ್ ಸರಿ ಇದೆ, ನಿಮ್ಮ ಮನೆ ಅರ್ಥಿಂಗ್ ಸರಿಯಿಲ್ಲ’ ಅಂತ ಹೇಳಿದ ಹುಡುಗನಿಗೆ ಎಷ್ಟು ಕೊಡುತ್ತೀರಿ? ‘ಏನೂ ಹಾಕಿಲ್ವಲ್ಲಪ್ಪ, ಇದಕ್ಯಾತಕ್ಕೆ ದುಡ್ಡು’ ಅನ್ನುವುದೇ ಹೆಚ್ಚು. ರಕ್ತ ಪರೀಕ್ಷೆಯಲ್ಲಿ ಏನೂ ಕಾಯಿಲೆ ಇಲ್ಲ ಅಂತ ಬಂದರೆ ಲ್ಯಾಬ್‌ನವರಿಗೆ ದುಡ್ಡು ಕೊಡದೆ ಬರುತ್ತೇವಾ? ಕಂಪ್ಯೂಟರ್ ಅಂಗಡಿಯಲ್ಲಿ ಮಾತ್ರ ಏನಾದರೂ ಹಾಕಿದರೆ, ಏನಾದರೂ ಅಳಿಸಿದರೆ ಕೂಲಿ. ಹಾಗಿದ್ದಾಗ ಅವರು ಅಳಿಸುತ್ತಾರೆ, ಇಲ್ಲವೇ ಮಾರುತ್ತಾರೆ.

ಆದ್ದರಿಂದ ನಮ್ಮ ಒತ್ತಾಯ ಎರಡು ಕಡೆಗೂ. ಅಂಗಡಿಯವರು ಪರೀಕ್ಷೆಗೆ ಇಷ್ಟು ಅಂತ ಬೋರ್ಡ್ ಬರೆದು ಹಾಕಲಿ, ಗಿರಾಕಿ ಅದನ್ನು ಚೌಕಾಸಿ ಮಾಡದೆ ಕೊಡಲಿ. ಕೊಟ್ಟ ಮೇಲೆ ಪರೀಕ್ಷೆಯ ಪರದೆಯ ಫೋಟೋ ಕೇಳಿ ಪಡೆಯಲಿ. ಯಾವುದಾದರೂ ಭಾಗ ಬದಲಿಸಿದರೆ ಹಳೆಯದು ಮನೆಗೆ ವಾಪಸ್ ಬರಲಿ. ‘ಬೋರ್ಡ್ ಹೋಗೈತೆ’ ಅಂದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದಿರಾ ಅಂತ ಒಂದು ಪ್ರಶ್ನೆ ಕೇಳಿ. ನೋಡಿದ್ದವರು ಬೇಸರ ಮಾಡಿಕೊಳ್ಳದೆ ತೋರಿಸುತ್ತಾರೆ.

ಊರಿಗೊಂದು ಅಂಗಡಿ ಆಗುವುದಿಲ್ಲ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್‌ಗಳೂ ಬಂದಿವೆ. ಅಲ್ಲಿ ಮೆಮ್‌ಟೆಸ್ಟ್ ಹಾಕಿದ ಒಂದು ಪೆನ್‌ಡ್ರೈವ್, ಒಂದು ಮಲ್ಟಿಮೀಟರ್, ಹಾರ್ಡ್ ಡಿಸ್ಕ್ ಹಾಕುವ ಒಂದು ಯುಎಸ್‌ಬಿ ಕೇಸ್, ಕಡ ಕೊಡಲು ಒಂದು ಒಳ್ಳೇ ಎಸ್‌ಎಂಪಿಎಸ್ ಇಟ್ಟರೆ ಇಡೀ ಪಂಚಾಯಿತಿಗೆ ಸಾಕು. ನಾಲ್ಕೂ ಸೇರಿ ಒಂದು ಹೊಸ ಕಂಪ್ಯೂಟರ್ ಬೆಲೆಯ ಸಣ್ಣ ಪಾಲು ಕೂಡ ಆಗುವುದಿಲ್ಲ. ಮುಂದಿನ ಗ್ರಾಮ ಸಭೆಯಲ್ಲಿ ಇದನ್ನು ಕೇಳುವವರಿದ್ದರೆ ಅರ್ಜಿ ಬರೆದುಕೊಡಲು ನಾವು ತಯಾರಿದ್ದೇವೆ.